ಓಡುತ್ತಲೇ ಉಳಿಯುವ ಯಂತ್ರಗಳು: ಹಳೆಯ ರೇಸ್ ಕಾರುಗಳ ಮರುಓಟದ ಚರಿತ್ರೆ

ಸ್ಪರ್ಧೆಗೆಂದೇ ಕಟ್ಟಿದ ಕಾರನ್ನು, ಅದರ ಕಾಲ ಸಂದು ದಶಕಗಳೇ ಕಳೆದ ಮೇಲೆ, ಮತ್ತೆ ಟ್ರ್ಯಾಕಿಗಿಳಿಸಿ ಮೊದಲಿನ ಶ್ರಮಕ್ಕೇ ಒಡ್ಡುವ ಪದ್ಧತಿಯೊಂದು ಇಪ್ಪತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಬೇರೂರಿ, ಮುಂದೆ ಇಟಲಿ, ಮೊನಾಕೊ, ಅಮೆರಿಕಗಳಲ್ಲಿಯೂ ನೆಲೆ ಕಂಡುಕೊಂಡಿತು. ಚಿತ್ರ, ಶಿಲ್ಪ, ನಾಣ್ಯಗಳಂಥ ಹಳೆಯ ವಸ್ತುಗಳನ್ನು ಕಾಪಾಡುವವರು ಅವುಗಳನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳುತ್ತಾರೆ. ರೇಸ್ ಕಾರನ್ನು ಕಾಪಾಡುವವರಲ್ಲಿ ಬಹಳ ಜನರಾದರೋ, ಓಡದೆ ನಿಂತ ಕಾರು ತನ್ನ ಅರ್ಧ ಅರ್ಥವನ್ನು ಕಳೆದುಕೊಂಡಂತೆ ಎಂದು ಬಗೆದು, ಅದನ್ನು ಬಿಸಿಲು ಮಳೆಯೆನ್ನದೆ ದುಡಿಸುತ್ತ ಬಂದಿದ್ದಾರೆ. ಹಾಗೆ ದುಡಿಸುವಾಗ ಗೇರು ಮುರಿಯುತ್ತದೆ, ಬ್ರೇಕು ಕೈಕೊಡುತ್ತದೆ, ಎಂಜಿನ್ನು ಒಡೆದುಹೋಗುತ್ತದೆ, ಅಪರೂಪಕ್ಕೆ ಪ್ರಾಣವೂ ಹೋಗುತ್ತದೆ. ಈ ಅವಘಡಗಳನ್ನು ಪದ್ಧತಿಗೆ ಹೊರಗಿನ ಆಕಸ್ಮಿಕಗಳೆಂದು ಬದಿಗಿಟ್ಟರೆ ಅದರ ಚರಿತ್ರೆ ಅರ್ಥವಾಗುವುದಿಲ್ಲ. ಹಳೆಯ ಕಾರಿನ ಬಗೆಗಿನ ಹಂಬಲವೂ, ಒಂದೊಂದು ಕಾರಿನ ಗುರುತೂ, ಅದನ್ನು ಓಡಿಸುವ ವಿದ್ಯೆಯೂ ಬಹುಮಟ್ಟಿಗೆ ಅವಘಡಗಳ ನಡುವೆಯೇ ರೂಪುಗೊಂಡಿವೆ.

ಹಳೆಯ ವಾಹನವನ್ನು ನೆನಪಿಗಾಗಿ ಓಡಿಸುವ ರೂಢಿ ರೇಸಿನಿಂದ ಶುರುವಾದುದಲ್ಲ. ಮೋಟಾರು ವಾಹನದ ಮುಂದೆ ಒಬ್ಬ ಮನುಷ್ಯ ನಡೆದುಕೊಂಡು ಹೋಗಬೇಕೆಂಬ ಬ್ರಿಟಿಷ್ ಕಾಯ್ದೆ 1896ರಲ್ಲಿ ರದ್ದಾದಾಗ, ಆ ವರ್ಷದ ನವೆಂಬರ್ 14ರಂದು ಲಂಡನ್ನಿನಿಂದ ಬ್ರೈಟನ್ನಿಗೆ ವಾಹನಗಳ ಸಾಲೊಂದು ಹೊರಟಿತ್ತು. ಆ ಪಯಣವನ್ನು 1927ರಲ್ಲಿ ಪುನಃ ಆಚರಿಸಲಾಯಿತು, 1905ಕ್ಕಿಂತ ಮೊದಲು ತಯಾರಾದ ವಾಹನಗಳು ಇಂದಿಗೂ ಆ ಹಾದಿಯಲ್ಲಿ ಸಾಗುತ್ತವೆ. ಅದು ಸ್ಪರ್ಧೆಯಲ್ಲ, ಊರು ತಲುಪಿದರೆ ಸಾಕೆಂಬ ಯಾತ್ರೆ. ಆದರೂ ಕೆಟ್ಟು ನಿಂತ ಕಾರಿನ ಪಕ್ಕದಲ್ಲಿ ಮೊಣಕಾಲೂರಿ ರಿಪೇರಿ ಮಾಡುವ ಚಾಲಕನನ್ನು ಜನ ಆದರದಿಂದ ನೋಡುವ ಮನೋಭಾವ ಬೆಳೆದದ್ದು ಆ ರಸ್ತೆಯ ಬದಿಯಲ್ಲಿಯೇ. ಅದೇ ಪಯಣವನ್ನು ಕಥಾವಸ್ತುವಾಗಿಸಿಕೊಂಡು 1953ರಲ್ಲಿ ಬಂದ ‘ಜೆನೆವೀವ್’ ಎಂಬ ಚಲನಚಿತ್ರ ಆ ಮನೋಭಾವವನ್ನು ಇನ್ನಷ್ಟು ಜನರಿಗೆ ಮುಟ್ಟಿಸಿತು.

ರೇಸ್ ಕಾರುಗಳ ಮಟ್ಟಿಗೆ ನಿರ್ಣಾಯಕವಾದ ವರ್ಷ 1934. ಆರ್ಥಿಕ ಕುಸಿತದ ಹೊಡೆತಕ್ಕೆ ಸಿಕ್ಕ ಬ್ರಿಟಿಷ್ ಕಂಪನಿಗಳು ಅಗ್ಗದ, ಸೊಗಸಿಲ್ಲದ ಕಾರುಗಳನ್ನು ಹೊರತರತೊಡಗಿವೆ ಎಂದು ಬೇಸರಗೊಂಡ ಕೆಲವರು ಆ ವರ್ಷ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ಬನ್ನು ಸ್ಥಾಪಿಸಿ, 1930ರ ಕೊನೆಯೊಳಗೆ ತಯಾರಾದ ಕಾರುಗಳನ್ನು ಮಾತ್ರ ‘ವಿಂಟೇಜ್’ ಎಂದು ಕರೆಯುವ ಗೆರೆಯನ್ನು ಎಳೆದರು. ಈಗ ಯೋಚಿಸಿದರೆ, ಅವರು ಹಳೆಯದೆಂದು ಮೆಚ್ಚಿದ ಕಾರುಗಳಲ್ಲಿ ಕೆಲವಕ್ಕೆ ಆಗ ನಾಲ್ಕೈದು ವರ್ಷ ಮಾತ್ರ ಆಗಿತ್ತೆಂಬುದು ಗಮನಿಸಬೇಕಾದ ಸಂಗತಿ. ಹಂಬಲ ಹುಟ್ಟಲು ಶತಮಾನ ಕಳೆಯಬೇಕಿಲ್ಲ, ಬಳಕೆಯಲ್ಲಿದ್ದ ಒಂದು ಕುಶಲತೆ ಕಣ್ಣೆದುರೇ ಮರೆಯಾಗುತ್ತಿದೆ ಅನ್ನಿಸಿದರೆ ಸಾಕು. ಆ ದಿನಗಳಲ್ಲಿ ಹಿಂದಿನ ರೇಸ್ ಕಾರಿಗೆ ಬೆಲೆಯೇ ಇರಲಿಲ್ಲ, ಅನೇಕವು ಗುಜರಿಯ ದರಕ್ಕೆ ಸಿಗುತ್ತಿದ್ದುದರಿಂದ ಸಾಧಾರಣ ವರಮಾನದವರೂ ಅವನ್ನು ಕೊಳ್ಳಬಹುದಿತ್ತು, ಒಡೆದರೆ ತಾವೇ ಬಿಚ್ಚಿ ಜೋಡಿಸುತ್ತಿದ್ದರು. ಕ್ಲಬ್ಬಿನ ಮೊದಲ ತಲೆಮಾರಿನ ಪ್ರಮುಖನಾದ ಸೆಸಿಲ್ ಕ್ಲಟನ್ ಇಟಲಿಯ ಇಟಾಲಾ ಕಂಪನಿಯ 1908ರ ಗ್ರ್ಯಾನ್ ಪ್ರಿ ಕಾರನ್ನು, ನಾಲ್ಕೇ ಸಿಲಿಂಡರುಗಳಲ್ಲಿ ಹನ್ನೆರಡು ಲೀಟರ್ ಗಾತ್ರವನ್ನು ತುಂಬಿಕೊಂಡಿದ್ದ ಆ ದೈತ್ಯ ಯಂತ್ರವನ್ನು, ದಶಕಗಳ ಕಾಲ ಸ್ಪರ್ಧೆಗಳಲ್ಲಿ ಓಡಿಸಿದ. ಅದರ ಒಡೆತನದಲ್ಲಿ ಪಾಲು ಪಡೆದು ಮುಂದೆ ತಾನೂ ಓಡಿಸಿದ ಜಾರ್ಜ್ ಡೇನಿಯಲ್ಸ್, ಕೈಗಡಿಯಾರದೊಳಗಿನ ಕೋಆಕ್ಸಿಯಲ್ ಎಸ್ಕೇಪ್‌ಮೆಂಟ್ ಎಂಬ ಬಿಡಿಗತಿಯ ವ್ಯವಸ್ಥೆಯನ್ನು ಕಂಡುಹಿಡಿದ ವಾಚು ತಯಾರಕ. ಕೂದಲೆಳೆಯಷ್ಟು ಅಂತರವನ್ನು ಬೆರಳಿನಲ್ಲಿ ಅರಿಯಬಲ್ಲ ಕುಶಲಿಯೊಬ್ಬ ಇಂಥ ಒರಟು ಯಂತ್ರಕ್ಕೆ ಒಲಿದದ್ದರಲ್ಲಿ ಆಶ್ಚರ್ಯವಿಲ್ಲ, ಏಕೆಂದರೆ ಅದನ್ನು ನಡೆಸುವುದಕ್ಕೂ ಅಂಥದೇ ಸೂಕ್ಷ್ಮ ಬೇಕು.

ಆ ಸೂಕ್ಷ್ಮ ಎಂಥದೆಂಬುದನ್ನು ಗೇರ್ ಬಾಕ್ಸಿನಿಂದಲೇ ತಿಳಿಯಬಹುದು. ಗೇರು ಬದಲಿಸುವಾಗ ಹಲ್ಲುಚಕ್ರಗಳ ವೇಗವನ್ನು ತಾನಾಗಿಯೇ ಸರಿಹೊಂದಿಸುವ ಸಿಂಕ್ರೊಮೆಶ್ ಎಂಬ ಏರ್ಪಾಟನ್ನು ಅಮೆರಿಕದ ಕ್ಯಾಡಿಲಾಕ್ ಕಂಪನಿ 1928ರಲ್ಲಿ ಮಾರುಕಟ್ಟೆಗೆ ತಂದಿತು; ಅದಕ್ಕೆ ಮೊದಲಿನ ಕಾರುಗಳಲ್ಲಿ ಆ ಕೆಲಸವನ್ನು ಚಾಲಕನ ಕಾಲು ಕಿವಿಗಳೇ ಮಾಡಬೇಕಿತ್ತು. ಕೆಳಗಿನ ಗೇರಿಗೆ ಇಳಿಯಬೇಕಾದರೆ ಕ್ಲಚ್ಚನ್ನು ಒತ್ತಿ ಗೇರನ್ನು ನ್ಯೂಟ್ರಲ್ಲಿಗೆ ತರಬೇಕು, ಕ್ಲಚ್ಚನ್ನು ಬಿಟ್ಟು ಆಕ್ಸಿಲರೇಟರನ್ನು ತಕ್ಕಷ್ಟೇ ಒತ್ತಿ ಒಳಗಿನ ಚಕ್ರಗಳ ವೇಗವನ್ನು ಏರಿಸಬೇಕು, ಮತ್ತೆ ಕ್ಲಚ್ಚನ್ನು ಒತ್ತಿ ಗೇರು ಹಾಕಬೇಕು. ಇಷ್ಟೂ ಒಂದು ಉಸಿರಿನೊಳಗೆ ಮುಗಿಯಬೇಕು, ಅದೂ ತಿರುವಿನ ಮುಂದೆ ಬ್ರೇಕು ಹಿಡಿದಿರುವಾಗಲೇ. ವೇಗಗಳು ಹೊಂದದಿದ್ದರೆ ಹಲ್ಲುಗಳು ಕರಕರನೆ ಉಜ್ಜಿ ಲೋಹದ ಚೂರುಗಳು ಎಣ್ಣೆಗೆ ಬೀಳುತ್ತವೆ. ಅವಸರದಲ್ಲಿ ತಪ್ಪು ಗೇರು ಬಿದ್ದರೆ ಎಂಜಿನ್ನು ತನ್ನ ಮಿತಿ ಮೀರಿ ತಿರುಗಿ, ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆ, ಕನೆಕ್ಟಿಂಗ್ ರಾಡು ಎಂಜಿನ್ನಿನ ಗೋಡೆಯನ್ನೇ ಸೀಳಿಕೊಂಡು ಹೊರಬರುವುದೂ ಉಂಟು.

ಗೇರಿನದು ಒಂದು ಕಷ್ಟವಾದರೆ ಪೆಡಲಿನದು ಇನ್ನೊಂದು. ಆ ಕಾಲದ ಬೆಂಟ್ಲಿಗಳಿಂದ ಹಿಡಿದು 1950ರ ದಶಕದ ಮಸೆರಾಟಿ 250ಎಫ್‌ವರೆಗೆ ಅನೇಕ ಕಾರುಗಳಲ್ಲಿ ಆಕ್ಸಿಲರೇಟರ್ ನಡುವೆಯೂ ಬ್ರೇಕು ಬಲಕ್ಕೂ ಇರುತ್ತಿತ್ತು. ಇಂದಿನ ಕಾರಿಗೆ ಒಗ್ಗಿದ ಕಾಲು ಗಾಬರಿಯಾದಾಗ ತಾನು ಬಲ್ಲ ಜಾಗಕ್ಕೇ ಹೋಗುತ್ತದೆ, ವೇಗ ಇಳಿಸಬೇಕಾದ ಕ್ಷಣದಲ್ಲಿ ವೇಗ ಏರುತ್ತದೆ. ಲಿಂಕನ್‌ಶೈರಿನ ಬೋರ್ನ್ ಊರಿನಲ್ಲಿ 1930ರ ದಶಕದಲ್ಲಿ ತಯಾರಾದ ಇ.ಆರ್.ಎ. ಕಾರುಗಳಲ್ಲಿ ಪ್ರಿಸೆಲೆಕ್ಟರ್ ಎಂಬ ಗೇರ್ ಬಾಕ್ಸ್ ಇದೆ: ಮುಂದೆ ಬೇಕಾಗುವ ಗೇರನ್ನು ಸಣ್ಣ ಲಿವರಿನಿಂದ ಮೊದಲೇ ಆರಿಸಿಟ್ಟು, ಬೇಕಾದ ಗಳಿಗೆಯಲ್ಲಿ ಎಡಗಾಲಿನ ಪೆಡಲನ್ನು ಒತ್ತಿದರೆ ಗೇರು ಬೀಳುತ್ತದೆ. ಸಯಾಮಿನ ರಾಜಕುಮಾರ ಬೀರಾ ತನ್ನ ‘ರೋಮ್ಯುಲಸ್’, ‘ರೀಮಸ್’ ಎಂಬ ಇ.ಆರ್.ಎ.ಗಳಲ್ಲಿ ಗೆದ್ದ ಪಂದ್ಯಗಳಲ್ಲಿ ಈ ಏರ್ಪಾಟಿಗೂ ಪಾಲಿತ್ತು. ಆದರೆ ಪೆಡಲನ್ನು ಪೂರ್ತಿ ಒತ್ತದೆ ಅರ್ಧಕ್ಕೆ ಬಿಟ್ಟರೆ ಒಳಗಿನ ಬಿಗಿಯಾದ ಸ್ಪ್ರಿಂಗು ಅದನ್ನು ಚಾಲಕನ ಕಾಲಿನ ಮೇಲೆ ರಭಸದಿಂದ ಹಿಂದಕ್ಕೆ ಒದೆಯುತ್ತದೆ, ಈ ಪೆಟ್ಟು ತಿಂದವರು ಪೆಡಲನ್ನು ಮತ್ತೆಂದೂ ಹಗುರವಾಗಿ ಒತ್ತುವುದಿಲ್ಲ. ಹಳೆಯ ಕೈಪಿಡಿಗಳು ಎಷ್ಟೇ ವಿವರವಾಗಿದ್ದರೂ ಈ ಬಗೆಯ ತಿಳಿವಳಿಕೆ ಪುಟಗಳಿಂದ ದಾಟಿಬರುವುದು ಕಡಿಮೆ.

ಬ್ರೇಕು, ಟೈರು, ಇಂಧನಗಳ ವಿಷಯವೂ ಹೀಗೆಯೇ. ಬುಗಾಟಿಯ ಟೈಪ್ 35ರಲ್ಲಿ ಬ್ರೇಕಿನ ಒತ್ತಡ ಚಕ್ರಗಳಿಗೆ ತಲುಪುವುದು ಉಕ್ಕಿನ ಕೇಬಲ್ಲುಗಳ ಮೂಲಕ, ಅವುಗಳ ಬಿಗಿ ಒಂದಕ್ಕೊಂದು ಸಮನಾಗಿರದಿದ್ದರೆ ಕಾರು ಒಂದು ಬದಿಗೆ ಎಳೆಯುತ್ತದೆ. ಡ್ರಮ್ ಬ್ರೇಕುಗಳು ಕಾದಂತೆಲ್ಲ ಹಿಡಿತ ಕಳೆದುಕೊಳ್ಳುವುದರಿಂದ ಮೊದಲ ಸುತ್ತಿನಲ್ಲಿ ನಿಂತ ಜಾಗದಲ್ಲಿ ಐದನೆಯ ಸುತ್ತಿನಲ್ಲಿ ಕಾರು ನಿಲ್ಲುವುದಿಲ್ಲ. ಮೊದಲ ಮಹಾಯುದ್ಧಕ್ಕೆ ಹಿಂದಿನ ಗ್ರ್ಯಾನ್ ಪ್ರಿ ಕಾರುಗಳಲ್ಲಿ ಇಂಧನದ ಟ್ಯಾಂಕಿಗೆ ಗಾಳಿಯ ಒತ್ತಡ ಕೊಡಲು ಚಾಲಕನ ಪಕ್ಕದಲ್ಲಿ ಕುಳಿತ ಮೆಕ್ಯಾನಿಕ್ ಕೈಪಂಪನ್ನು ಒತ್ತುತ್ತಲೇ ಇರಬೇಕು, ಆತ ತಿರುವಿನಲ್ಲಿ ಹಿಡಿದು ಕೂರುವ ಭರದಲ್ಲಿ ಪಂಪನ್ನು ಮರೆತರೆ ಇಂಧನ ಸಿಗದೆ ಎಂಜಿನ್ನು ಕೆಮ್ಮತೊಡಗುತ್ತದೆ. ಸೂಪರ್‌ಚಾರ್ಜರ್ ಎಂಬ ಗಾಳಿ ತುರುಕುವ ಸಾಧನವಿರುವ ಕಾರುಗಳು ಹೆಚ್ಚಾಗಿ ಮೆಥನಾಲ್ ಉರಿಸುತ್ತವೆ. ಅದಕ್ಕೆ ಬೆಂಕಿ ಹತ್ತಿದರೆ ಹಗಲು ಬೆಳಕಿನಲ್ಲಿ ಜ್ವಾಲೆ ಕಣ್ಣಿಗೆ ಬೀಳುವುದೇ ಕಷ್ಟವಾದ್ದರಿಂದ, ಚಾಲಕ ಏಕೆ ಒದ್ದಾಡುತ್ತಿದ್ದಾನೆಂಬುದು ನೋಡುಗರಿಗೆ ತಕ್ಷಣ ತಿಳಿಯುವುದಿಲ್ಲ. ಇವೆಲ್ಲದರ ಮೇಲೆ ಹರಡಿಕೊಂಡಿರುವುದು ಹರಳೆಣ್ಣೆಯ ವಾಸನೆ. ಹೆಚ್ಚಿನ ಬಿಸಿಯಲ್ಲೂ ಲೋಹದ ಮೇಲಿನ ತನ್ನ ಪದರವನ್ನು ಬಿಟ್ಟುಕೊಡದ ಗುಣದಿಂದಾಗಿ ಹರಳೆಣ್ಣೆ ರೇಸ್ ಎಂಜಿನ್ನುಗಳ ಮೆಚ್ಚಿನ ಎಣ್ಣೆಯಾಗಿತ್ತು; ಕನ್ನಡನಾಡಿನ ಮನೆಗಳಲ್ಲಿ ಮಕ್ಕಳ ನೆತ್ತಿಗೆ ಇಡುತ್ತಿದ್ದ ಅದೇ ಎಣ್ಣೆ ಇಂಗ್ಲೆಂಡಿನ ಟ್ರ್ಯಾಕುಗಳಲ್ಲಿ ಉರಿದಾಗ ಹೊಮ್ಮುವ ಸಿಹಿಗಂಪಿಗಾಗಿಯೇ ಬರುವ ನೋಡುಗರಿದ್ದಾರೆ. ಕಾರು ಬಹಳ ದಿನ ನಿಂತರೆ ಆ ಎಣ್ಣೆ ಅಂಟಾಗಿ ಗಟ್ಟಿಯಾಗಿ ಕೊಳವೆಗಳನ್ನು ಕಟ್ಟಿಹಾಕುವುದರಿಂದ, ನಿಲ್ಲಿಸಿಟ್ಟು ಕಾಪಾಡುವುದಕ್ಕೂ ಅದು ಒಪ್ಪದ ಎಣ್ಣೆ.

ಹಂಬಲ ಯಾವಾಗಲೂ ಗೆಲುವಿನ ಹಿಂದೆಯೇ ಹೋಗುತ್ತದೆಂದು ತಿಳಿಯಬಾರದು. ಬೋರ್ನ್‌ನಲ್ಲಿಯೇ ಎರಡನೆಯ ಮಹಾಯುದ್ಧದ ನಂತರ ತಯಾರಾದ ಹದಿನಾರು ಸಿಲಿಂಡರುಗಳ ಬಿ.ಆರ್.ಎಂ. ಕಾರು ಬ್ರಿಟನ್ನಿನ ಹೆಮ್ಮೆಯಾಗಬೇಕೆಂದು ಅನೇಕ ಕಂಪನಿಗಳ ನೆರವಿನಿಂದ ಸಿದ್ಧವಾಯಿತು. 1950ರ ಆಗಸ್ಟಿನಲ್ಲಿ ಸಿಲ್ವರ್‌ಸ್ಟೋನಿನ ಮೊದಲ ಪಂದ್ಯದಲ್ಲಿ ಬಾವುಟ ಬಿದ್ದೊಡನೆ ಅದರ ಡ್ರೈವ್ ಷಾಫ್ಟ್ ಮುರಿಯಿತು, ಕಾರು ಹೊರಟ ಜಾಗದಲ್ಲೇ ನಿಂತಿತು. ದೊಡ್ಡ ಗೆಲುವುಗಳ ಪಟ್ಟಿಯಲ್ಲಿ ಅದಕ್ಕೆ ಹೆಚ್ಚಿನ ಜಾಗವಿಲ್ಲ. ಹೀಗಿದ್ದೂ ಇಂದಿನ ಕೂಟಗಳಲ್ಲಿ ಆ ಪುಟ್ಟ ಎಂಜಿನ್ನು, ಒಂದೂವರೆ ಲೀಟರನ್ನು ಹದಿನಾರು ಪಾಲು ಮಾಡಿಕೊಂಡ ಎಂಜಿನ್ನು, ಕಿವಿ ಬಿರಿಯುವಂತೆ ಕೂಗಿದಾಗ ಜನ ಬೇಲಿಯ ಕಡೆಗೆ ಓಡುತ್ತಾರೆ. ಸಾಧಿಸಿದ್ದಕ್ಕಿಂತ ಮಿಗಿಲಾಗಿ ಸಾಧಿಸಲು ಹೊರಟದ್ದನ್ನು ಜನ ನೆನಪಿಡುತ್ತಾರೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಈ ಚರಿತ್ರೆಯಲ್ಲಿ ಇನ್ನೊಂದಿಲ್ಲ.

ಹಳೆಯ ಕಾರುಗಳಿಗೆ ಹಳೆಯ ಅಂಗಳವೇ ಒದಗಿಬಂದದ್ದು ಸಸೆಕ್ಸಿನ ಗುಡ್‌ವುಡ್‌ನಲ್ಲಿ. ಅಲ್ಲಿಯ ಜಮೀನಿನ ಒಡೆಯ, ತಾನೂ ರೇಸ್ ಚಾಲಕನಾಗಿದ್ದ ರಿಚ್ಮಂಡಿನ ಒಂಬತ್ತನೆಯ ಡ್ಯೂಕ್, ಯುದ್ಧಕಾಲದ ವೆಸ್ಟ್‌ಹ್ಯಾಂಪ್‌ನೆಟ್ ವಿಮಾನ ನೆಲೆಯ ಅಂಚಿನ ರಸ್ತೆಯನ್ನು ಸುಮಾರು 3.8 ಕಿಲೊಮೀಟರಿನ ಟ್ರ್ಯಾಕಾಗಿಸಿ 1948ರ ಸೆಪ್ಟೆಂಬರ್ 18ರಂದು ತೆರೆದ. ಯುದ್ಧ ಬಿಟ್ಟುಹೋದ ವಿಮಾನ ನೆಲೆಗಳು ರೇಸಿಗೆ ಒದಗಿದ ಈ ಬೆಳವಣಿಗೆ ದಕ್ಷಿಣ ಭಾರತದಲ್ಲಿಯೂ ನಡೆಯಿತು: ಮದ್ರಾಸಿನ ಬಳಿಯ ಶೋಲಾವರಂ ವಿಮಾನಪಟ್ಟಿಯಲ್ಲಿ 1950ರ ದಶಕದಿಂದ ನಡೆದ ಪಂದ್ಯಗಳಿಗೆ ಬೆಂಗಳೂರಿನ ಚಾಲಕರೂ ಹೋಗುತ್ತಿದ್ದರು, 1990ರಲ್ಲಿ ಇರುಂಗಾಟ್ಟುಕೋಟ್ಟೈಯಲ್ಲಿ ಹೊಸ ಟ್ರ್ಯಾಕು ಬರುವ ತನಕ ದಕ್ಷಿಣದ ರೇಸಿಗೆ ಅದೇ ಮನೆಯಂಗಳ. ಗುಡ್‌ವುಡ್‌ನ ಕಥೆ ಮಾತ್ರ ಬೇರೆ ತಿರುವು ಪಡೆಯಿತು. 1962ರ ಏಪ್ರಿಲ್ 23ರಂದು ಸೇಂಟ್ ಮೇರೀಸ್ ತಿರುವಿನ ಬಳಿ ಬ್ರಿಟಿಷ್ ರೇಸ್ ಚಾಲಕ ಸ್ಟರ್ಲಿಂಗ್ ಮಾಸ್‌ನ ಲೋಟಸ್ ಕಾರು ದಡಕ್ಕೆ ಬಡಿದು, ಆತ ಸುಮಾರು ಒಂದು ತಿಂಗಳು ಪ್ರಜ್ಞೆಯಿಲ್ಲದೆ ಮಲಗಿದ. ಮರುವರ್ಷ ಅದೇ ಟ್ರ್ಯಾಕಿನಲ್ಲಿ ಕಾರೊಂದನ್ನು ಓಡಿಸಿ ನೋಡಿ, ಮೊದಲು ತಾನಾಗಿ ಆಗುತ್ತಿದ್ದುದಕ್ಕೆಲ್ಲ ಈಗ ಯೋಚಿಸಬೇಕಾಗಿದೆ ಎಂದು ಕಂಡುಕೊಂಡು ವೃತ್ತಿಯನ್ನು ಬಿಟ್ಟ. ಕಾರುಗಳ ವೇಗ ಟ್ರ್ಯಾಕಿಗೆ ಮೀರಿದ್ದರಿಂದ 1966ರಲ್ಲಿ ಪಂದ್ಯಗಳು ನಿಂತವು. ಪರೀಕ್ಷಾ ಓಟಗಳು ಮುಂದುವರಿದವು, 1970ರ ಜೂನ್ 2ರಂದು ಅಂಥ ಓಟವೊಂದರಲ್ಲಿಯೇ ರೇಸ್ ಚಾಲಕ ಬ್ರೂಸ್ ಮೆಕ್ಲಾರೆನ್ ತೀರಿಕೊಂಡ.

ಡ್ಯೂಕನ ಮೊಮ್ಮಗ 1993ರಲ್ಲಿ ತನ್ನ ಮನೆಯ ಮುಂದಿನ ಏರುದಾರಿಯಲ್ಲಿ ‘ಫೆಸ್ಟಿವಲ್ ಆಫ್ ಸ್ಪೀಡ್’ ಆರಂಭಿಸಿ, ಟ್ರ್ಯಾಕು ಮೊದಲು ತೆರೆದು ಸರಿಯಾಗಿ ಐವತ್ತು ವರ್ಷಕ್ಕೆ, 1998ರ ಸೆಪ್ಟೆಂಬರ್ 18ರಂದು, ಅದನ್ನು ‘ರಿವೈವಲ್’ ಎಂಬ ಕೂಟದೊಂದಿಗೆ ಮತ್ತೆ ತೆರೆದ. ಅಲ್ಲಿ 1966ರವರೆಗಿನ ಮಾದರಿಯ ಕಾರುಗಳಿಗೆ ಮಾತ್ರ ಪ್ರವೇಶ, ನೋಡಲು ಬರುವವರೂ ಆ ಕಾಲದ ಉಡುಪಿನಲ್ಲಿಯೇ ಬರುತ್ತಾರೆ. ಉಡುಪು, ಬಣ್ಣ, ಬೋರ್ಡುಗಳಿಂದ ಕಟ್ಟಿದ ಈ ಗತಕಾಲ ಕೆಲವರಿಗೆ ನಾಟಕವೆನಿಸಬಹುದು. ಕಾರುಗಳು ಮಾತ್ರ ಅಲ್ಲಿ ನಟಿಸುವುದಿಲ್ಲ. ಸಪೂರ ಟೈರುಗಳ ಮೇಲೆ ನಾಲ್ಕೂ ಚಕ್ರ ಜಾರುತ್ತ ತಿರುವು ದಾಟುವ ಕಾರನ್ನು ಚಾಲಕ ಸ್ಟಿಯರಿಂಗಿಗಿಂತ ಹೆಚ್ಚಾಗಿ ಆಕ್ಸಿಲರೇಟರಿನಿಂದಲೇ ತಿದ್ದುತ್ತಿರುವುದು ಬರಿಗಣ್ಣಿಗೆ ಕಾಣುತ್ತದೆ. ಆ ವಿದ್ಯೆಯನ್ನು ಯಾವ ಗಾಜಿನ ಪೆಟ್ಟಿಗೆಯೂ ತೋರಿಸಲಾರದು.

ಓಡುವ ಕಾರು ಸವೆಯುತ್ತದೆ, ಸವೆದದ್ದನ್ನು ಬದಲಿಸಬೇಕಾಗುತ್ತದೆ, ಬದಲಿಸುತ್ತ ಹೋದರೆ ಅದು ಅದೇ ಕಾರಾಗಿ ಉಳಿಯುತ್ತದೆಯೇ ಎಂಬ ಪ್ರಶ್ನೆ ಕೋರ್ಟಿನ ಮೆಟ್ಟಿಲನ್ನೂ ಏರಿತು. ‘ಓಲ್ಡ್ ನಂಬರ್ ಒನ್’ ಎಂದು ಹೆಸರಾದ ಬೆಂಟ್ಲಿ 1929 ಮತ್ತು 1930ರಲ್ಲಿ ಫ್ರಾನ್ಸಿನ ಲ ಮಾನ್‌ನ ಇಪ್ಪತ್ನಾಲ್ಕು ಗಂಟೆಗಳ ಓಟವನ್ನು ಗೆದ್ದಿತ್ತು. ಬಳಿಕ ಅದಕ್ಕೆ ಎಂಟು ಲೀಟರಿನ ಎಂಜಿನ್ನು ಕೂರಿಸಲಾಯಿತು. 1932ರಲ್ಲಿ ಅದು ಬ್ರೂಕ್ಲಂಡ್ಸ್ ಟ್ರ್ಯಾಕಿನಲ್ಲಿ, 1907ರಲ್ಲಿ ಕಟ್ಟಿದ ಸುಮಾರು ಮೂವತ್ತು ಅಡಿ ಎತ್ತರದ ಇಳಿಜಾರು ತಿರುವಿನ ಅಂಚನ್ನು ದಾಟಿ ಹಾರಿ, ಚಾಲಕ ಕ್ಲೈವ್ ಡನ್‌ಫೀ ಸತ್ತ. ಅಳಿದುಳಿದದ್ದರ ಮೇಲೆ ಹೊಸ ಮೈ ಕಟ್ಟಲಾಯಿತು. 1990ರಲ್ಲಿ ಅದನ್ನು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದ್ದ ಕಂಪನಿ, ಮೂಲದ ಲೋಹ ಅಷ್ಟಾಗಿ ಉಳಿದಿಲ್ಲವಾದ್ದರಿಂದ ಇದು ಆ ಕಾರೇ ಅಲ್ಲವೆಂದು ಹಿಂದೆ ಸರಿದಾಗ, ನ್ಯಾಯಮೂರ್ತಿ ಆಟನ್ ಕಾರಿನ ಬದುಕನ್ನು ವರ್ಷದಿಂದ ವರ್ಷಕ್ಕೆ ಹಿಂಬಾಲಿಸಿ, ಅದು 1929ರಲ್ಲಿದ್ದ ರೂಪದ ಮೂಲ ಕಾರಲ್ಲವಾದರೂ ಕಡಿಯದ ಚರಿತ್ರೆಯುಳ್ಳ ನಿಜವಾದ ‘ಓಲ್ಡ್ ನಂಬರ್ ಒನ್’ ಹೌದು ಎಂದು ತೀರ್ಪಿತ್ತ. ಚಕ್ರ, ಅಚ್ಚು, ಮಿಣಿಗಳನ್ನು ಕಾಲಕಾಲಕ್ಕೆ ಬದಲಿಸುತ್ತ ಬಂದ ತೇರನ್ನು ಊರಿನವರು ಅದೇ ತೇರೆಂದು ಎಳೆಯುವುದನ್ನು ಕಂಡವರಿಗೆ ಈ ತೀರ್ಪಿನ ತರ್ಕ ಹೊಸದೆನಿಸದು. ಇಲ್ಲಿ ಗಮನಾರ್ಹವಾದುದೆಂದರೆ, ಡನ್‌ಫೀಯ ಸಾವು ಆ ಕಾರಿನ ಗುರುತನ್ನು ಅಳಿಸದೆ ಗುರುತಿನ ಒಂದು ಭಾಗವೇ ಆಗಿ ಸೇರಿಕೊಂಡದ್ದು.

ಇದಕ್ಕಿಂತ ವಿಚಿತ್ರವಾದ ಪುನರ್ಜನ್ಮ ‘ಬಾಬ್ಸ್’ ಎಂಬ ಕಾರಿನದು. ಇಪ್ಪತ್ತೇಳು ಲೀಟರಿನ ಲಿಬರ್ಟಿ ವಿಮಾನ ಎಂಜಿನ್ನನ್ನು ಹೊತ್ತ ಆ ಕಾರಿನಲ್ಲಿ ಜೆ. ಜಿ. ಪ್ಯಾರಿ ಥಾಮಸ್ ವೇಲ್ಸ್‌ನ ಪೆಂಡೈನ್ ಕಡಲತೀರದ ಮೇಲೆ 1926ರ ಏಪ್ರಿಲಿನಲ್ಲಿ ಗಂಟೆಗೆ 275 ಕಿಲೊಮೀಟರ್ ದಾಟಿ ನೆಲವೇಗದ ದಾಖಲೆ ಬರೆದಿದ್ದ. ಮಾಲ್ಕಂ ಕ್ಯಾಂಬೆಲ್ ಆ ದಾಖಲೆಯನ್ನು ಮುರಿದಾಗ ಅದನ್ನು ಮರಳಿ ಪಡೆಯಲೆಂದು 1927ರ ಮಾರ್ಚ್ 3ರಂದು ಅದೇ ಮರಳಿನ ಮೇಲೆ ಓಡಿ ಪ್ರಾಣ ಬಿಟ್ಟ. ಜಖಂಗೊಂಡ ಕಾರನ್ನು ಅಲ್ಲಿಯೇ ಹೂಳಲಾಯಿತು. ನಲವತ್ತೆರಡು ವರ್ಷಗಳ ಅನಂತರ, 1969ರಲ್ಲಿ, ಓವೆನ್ ವಿನ್ ಓವೆನ್ ಎಂಬ ತಂತ್ರಜ್ಞ ಅದನ್ನು ಅಗೆಸಿ ತೆಗೆದು, ಉಪ್ಪು ತಿಂದ ಲೋಹವನ್ನು ಭಾಗ ಭಾಗವಾಗಿ ಬಿಡಿಸಿ, ಮತ್ತೆ ಓಡುವ ಸ್ಥಿತಿಗೆ ತಂದ. ಸತ್ತವನಿಗೆ ತೋರಿದ ಗೌರವವೆಂದು ಹೂತದ್ದನ್ನು ಹೊರತೆಗೆಯುವುದು ಸರಿಯೇ ಎಂಬ ಆಕ್ಷೇಪಕ್ಕೆ ಸುಲಭದ ಉತ್ತರವಿಲ್ಲ. ಆದರೆ ಥಾಮಸ್ ಸ್ವತಃ ದೊಡ್ಡ ಎಂಜಿನಿಯರನಾಗಿದ್ದನಾದ್ದರಿಂದ, ಆತನ ಕೈಕೆಲಸ ಮರಳಿನಡಿ ಕರಗಿಹೋಗುವುದಕ್ಕಿಂತ ಮತ್ತೆ ಉಸಿರಾಡುವುದೇ ಮೇಲೆಂಬ ವಾದಕ್ಕೆ ಇಲ್ಲಿ ಹೆಚ್ಚಿನ ತೂಕವಿದೆ.

ಎಲ್ಲ ಕಡೆಯೂ ಹಳೆಯ ವೇಗವನ್ನೇ ಮರಳಿ ತರಲಿಲ್ಲ. ಇಟಲಿಯ ಬ್ರೆಷಾದಿಂದ ರೋಮಿಗೆ ಹೋಗಿ ಹಿಂದಿರುಗುವ ಸಾವಿರ ಮೈಲಿಯ ಮಿಲ್ಲೆ ಮಿಲಿಯ 1927ರಲ್ಲಿ ಆರಂಭವಾಗಿ, 1957ರಲ್ಲಿ ಗ್ವಿಡಿಟ್ಸೋಲೊ ಬಳಿ ಅಲ್ಫೊನ್ಸೊ ದೆ ಪೋರ್ಟಾಗೊನ ಫೆರಾರಿ ಹಾದಿ ತಪ್ಪಿ, ಆತ, ಆತನ ಜೊತೆಗಾರ ಹಾಗೂ ಒಂಬತ್ತು ಮಂದಿ ನೋಡುಗರು ಸತ್ತ ದುರಂತದೊಂದಿಗೆ ಕೊನೆಗೊಂಡಿತು. 1977ರಲ್ಲಿ ಅದು ಮರಳಿದಾಗ ವೇಗದ ಸ್ಪರ್ಧೆಯಾಗಿರದೆ, ನಿಗದಿಯಾದ ಸಮಯಕ್ಕೆ ಸರಿಯಾಗಿ ತಲುಪುವ ನಿಖರತೆಯ ಓಟವಾಗಿತ್ತು. ಊರುಗಳ ನಡುವಿನ ತೆರೆದ ರಸ್ತೆಯಲ್ಲಿ ಬೇರೆ ದಾರಿಯೂ ಇರಲಿಲ್ಲ.

ಬೆಲೆ ಏರಿದಂತೆ ಅವಘಡದ ಅರ್ಥವೂ ಬದಲಾಯಿತು. ಒಟ್ಟು 36 ಮಾತ್ರ ತಯಾರಾದ ಫೆರಾರಿ 250 ಜಿಟಿಒಗಳಲ್ಲಿ ಒಂದು 2018ರ ಹರಾಜಿನಲ್ಲಿ 4.84 ಕೋಟಿ ಡಾಲರಿಗೆ ಹೋಯಿತು. ಅದರ ಸೋದರ ಕಾರುಗಳು ಪಂದ್ಯಗಳಲ್ಲಿ ಬಾಗಿಲಿಗೆ ಬಾಗಿಲು ತಾಗುವಷ್ಟು ಹತ್ತಿರದಲ್ಲಿ ಓಡಿವೆ. ಎರವಲು ಪಡೆದ ಪೋರ್ಶೆ 917ರ ಎಂಜಿನ್ನು ಮಿತಿಮೀರಿ ತಿರುಗಿ ಹಾಳಾದಾಗ, ಗೇರು ತಾನಾಗಿ ಜಾರಿತೋ ಚಾಲಕ ತಪ್ಪಿದನೋ ಎಂಬ ವಾದ 2013ರಲ್ಲಿ ಲಂಡನ್ನಿನ ಹೈಕೋರ್ಟಿನಲ್ಲಿ ನಡೆದು, ಚಾಲಕನೇ ನಷ್ಟ ಕಟ್ಟಿಕೊಡಬೇಕಾಯಿತು. ಸ್ನೇಹಿತರ ನಡುವೆ ಕೈಕುಲುಕಿ ಕಾರು ಕೊಡುತ್ತಿದ್ದ ಹಿಂದಿನ ರೂಢಿ ಸಡಿಲವಾಗಿ, ಲಿಖಿತ ಒಪ್ಪಂದಗಳು ಬಂದವು. ಗುಡ್‌ವುಡ್‌ನ ಏರುದಾರಿಯಲ್ಲಿ 2000ದಲ್ಲಿ 1969ರ ಲೋಟಸ್ ಒಂದು ಹಾದಿ ಬಿಟ್ಟು ಚಾಲಕನೂ ಒಬ್ಬ ಮಾರ್ಷಲ್ಲನೂ ಸತ್ತದ್ದು ಇನ್ನೂ ಕಠಿಣವಾದ ಪಾಠ. ಮಾರ್ಷಲ್ಲನೆಂದರೆ ಬಾವುಟ ಹಿಡಿದು ಹಾದಿ ಕಾಯುವ ಕಾರ್ಯಕರ್ತ. ಕಾರಿನ ಮೋಹ ಯಾರದೇ ಆಗಿರಲಿ, ಅಪಾಯದಲ್ಲಿ ಅವನೂ ಪಾಲುದಾರ ಎಂಬುದನ್ನು ಈ ಪದ್ಧತಿಯನ್ನು ಹೊಗಳುವ ಬರಹಗಳು ಮರೆಯಕೂಡದು.

ವೃತ್ತಿಯ ಉತ್ತುಂಗದಲ್ಲಿರುವ ಚಾಲಕರಿಗೂ ಈ ಕಾರುಗಳು ವಿನಾಯಿತಿ ಕೊಡುವುದಿಲ್ಲ. 2022ರ ಮೇ 15ರಂದು ಮೊನಾಕೊದ ಐತಿಹಾಸಿಕ ಕಾರುಗಳ ಕೂಟದಲ್ಲಿ, ನಿಕಿ ಲೌಡಾ 1974ರಲ್ಲಿ ಓಡಿಸಿದ ಫೆರಾರಿ 312ಬಿ3ಯನ್ನು ಅದೇ ಊರಿನವನಾದ ಷಾರ್ಲ್ ಲೆಕ್ಲರ್ ಪ್ರದರ್ಶನಕ್ಕಾಗಿ ಓಡಿಸುತ್ತಿದ್ದಾಗ, ರಾಸ್ಕಾಸ್ ತಿರುವಿನ ಮುಂದೆ ಬ್ರೇಕು ಇಲ್ಲವಾಗಿ ಕಾರು ಗಿರಕಿ ಹೊಡೆದು ಹಿಂಬದಿಯಿಂದ ತಡೆಗೋಡೆಗೆ ಬಡಿಯಿತು. ಆತನಿಗೆ ಏನೂ ಆಗಲಿಲ್ಲ, ಹಿಂದಿನ ರೆಕ್ಕೆ ಮುರಿಯಿತು. ಹೀಗೆ ಪೆಟ್ಟು ತಿಂದ ಕಾರನ್ನು ಸರಿಪಡಿಸುವಾಗ ಏನನ್ನು ಬದಲಿಸಬಹುದು, ಏನನ್ನು ಬದಲಿಸಬಾರದು ಎಂಬುದಕ್ಕೆ ಅಂತರರಾಷ್ಟ್ರೀಯ ಮೋಟಾರು ಸಂಸ್ಥೆಯಾದ ಎಫ್.ಐ.ಎ. ನಿಯಮಾವಳಿಯನ್ನೇ ರೂಪಿಸಿ, ಕಾರಿಗೊಂದು ತಾಂತ್ರಿಕ ಪಾಸ್‌ಪೋರ್ಟ್ ಕೊಡುವ ಪದ್ಧತಿಯನ್ನು ತಂದಿದೆ. ಹೊಸದಾಗಿ ಎರಕ ಹೊಯ್ದ ಸಿಲಿಂಡರ್ ಬ್ಲಾಕಾದರೂ ಅಂದಿನ ವಿನ್ಯಾಸವನ್ನು ಮೀರುವಂತಿಲ್ಲ.

ಅಪಘಾತದ ನಂತರ ವೃತ್ತಿಯನ್ನು ಬಿಟ್ಟಿದ್ದ ಸ್ಟರ್ಲಿಂಗ್ ಮಾಸ್ ಈ ಪದ್ಧತಿಯೊಳಗೇ ಎರಡನೆಯ ಬಾಳನ್ನು ಕಂಡುಕೊಂಡು, ಹಳೆಯ ಕಾರುಗಳ ಪಂದ್ಯಗಳಲ್ಲಿ ಎಂಬತ್ತು ದಾಟುವವರೆಗೂ ಓಡಿಸಿದ. 2011ರ ಜೂನಿನಲ್ಲಿ, ಎಂಬತ್ತೊಂದರ ವಯಸ್ಸಿನಲ್ಲಿ, ಲ ಮಾನ್‌ನಲ್ಲಿ ಹಳೆಯ ಪೋರ್ಶೆಯೊಂದನ್ನು ಅರ್ಹತಾ ಸುತ್ತಿನಲ್ಲಿ ಓಡಿಸುವಾಗ ತನಗೇ ಭಯವಾಯಿತೆಂದು ಹೇಳಿ ಅಂದೇ ನಿವೃತ್ತಿ ಘೋಷಿಸಿದ. ಈಗ ಆ ಕಾರುಗಳಿಗೆ ಮತ್ತೊಂದು ಹೊಸ ಪರೀಕ್ಷೆ ಎದುರಾಗಿದೆ. ನೆಲದಿಂದ ತೆಗೆದ ಪೆಟ್ರೋಲಿಗೆ ಬದಲಾಗಿ ಬಹುಪಾಲು ನವೀಕರಿಸಬಲ್ಲ ಮೂಲದ ಇಂಧನದಲ್ಲಿಯೇ 2024ರ ಗುಡ್‌ವುಡ್ ರಿವೈವಲಿನ ಎಲ್ಲ ಪಂದ್ಯಗಳೂ ನಡೆದವು. ಅರವತ್ತು ಎಪ್ಪತ್ತು ವರ್ಷದ ಕಾರ್ಬ್ಯುರೇಟರುಗಳನ್ನು ಈ ಹೊಸ ಇಂಧನಕ್ಕೆ ಪಳಗಿಸುವ, ಹೊಗೆಯ ಬಣ್ಣವನ್ನೂ ಪ್ಲಗ್ಗಿನ ಮಸಿಯನ್ನೂ ನೋಡಿ ಗಾಳಿ ಇಂಧನಗಳ ಪ್ರಮಾಣವನ್ನು ತಿದ್ದುವ ಕೆಲಸದಲ್ಲಿ ಮೆಕ್ಯಾನಿಕ್ಕುಗಳು ತೊಡಗಿದ್ದಾರೆ.